ಬೆಲ್ಟ್ ತುಂಡಾದರೆ ಎಷ್ಟು ದೂರ ನಡೆಯಬೇಕು?

ಮಣಿಕೊಂಡದಿಂದ ಖಾಜಾಗುಡದ ಕಡೆ ಹೋಗುವ ಏರಿನಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ, ಅವನ ಸ್ಕೂಟರ್ ನಿಂತಿತು. ಎಂಜಿನ್ ನಿಂತಿರಲಿಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಎಂದಿಗಿಂತ ಜೋರಾಗಿಯೇ ಕೂಗುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಸುಟ್ಟ ರಬ್ಬರಿನ ವಾಸನೆ. ಹಿಂದೆ ನೀರಿನ ಟ್ಯಾಂಕರ್ ಒಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು.

ತಳ್ಳಿಕೊಂಡು ಕೆಳಗಿಳಿದರೆ ಇನ್ನೂರು ಹೆಜ್ಜೆಗೆ ಒಂದು ಗ್ಯಾರೇಜು. ಮೆಕ್ಯಾನಿಕ್ ರಾಯಚೂರು ಕಡೆಯವನು. ಇವನು ತೆಲುಗಿನಲ್ಲಿ ತಡವರಿಸುತ್ತಿದ್ದುದನ್ನು ಕೇಳಿ ಅವನೇ ಕನ್ನಡಕ್ಕೆ ಇಳಿದ. ಎಡಬದಿಯ ಕವರ್ ಬಿಚ್ಚಿ, ಒಳಗಿಂದ ಕರಿ ಹುರಿಯಂಥ ಎಳೆಗಳನ್ನು ಹಿರಿದು ತೆಗೆದು ತೋರಿಸಿದ.

“ಸರ, ಇದು ಇವತ್ತ ಹರದದ್ದಲ್ರಿ. ಮೂರು ತಿಂಗಳಿಂದ ಹರಕೋತ ಬಂದದ. ಏರಿನಾಗ ಮೊದಲಿನಂಗ ಜಗ್ತಿತ್ತೇನ್ರಿ?”

ಜಗ್ಗುತ್ತಿರಲಿಲ್ಲ. ಪೆಟ್ರೋಲ್ ಸರಿಯಿಲ್ಲ ಎಂದುಕೊಂಡು ಇವನು ಸುಮ್ಮನಿದ್ದ. ಅರ್ಧ ಗಂಟೆಯಲ್ಲಿ ಹೊಸ ಬೆಲ್ಟ್ ಬಿತ್ತು. ಖರ್ಚು ಸಾವಿರ ರೂಪಾಯಿಯ ಒಳಗೆ. ಹತ್ತೂಕಾಲಕ್ಕೆ ಅವನು ಆಫೀಸಿನಲ್ಲಿದ್ದ.

ಬೇರೆ ದಿನವಾಗಿದ್ದರೆ ಅದನ್ನು ಅಲ್ಲಿಗೇ ಮರೆಯುತ್ತಿದ್ದ. ಆದರೆ ಆ ವಾರ ಅವನ ತಲೆಯಲ್ಲಿ ಇನ್ನೊಂದು ಬೆಲ್ಟ್ ಇತ್ತು.

*

ಸಕಲೇಶಪುರದ ಆಚೆ ಅವನ ಅಪ್ಪನದು ಹದಿನಾಲ್ಕು ಎಕರೆ ಕಾಫಿ ತೋಟ. ಹಳ್ಳದ ಬದಿಯಲ್ಲಿ ಶುರುವಾಗಿ ಗುಡ್ಡದ ನೆತ್ತಿಯವರೆಗೆ ಏರುತ್ತದೆ. ಜೀಪು ಅರ್ಧ ದಾರಿಯವರೆಗೆ ಹೋಗುತ್ತದೆ. ಅಲ್ಲಿಂದ ಮೇಲಿನ ಬ್ಲಾಕಿಗೆ ಕಾಲುದಾರಿಯೇ ಗತಿ. ಗೊಬ್ಬರ, ಸ್ಪ್ರಿಂಕ್ಲರ್ ಪೈಪು, ಮಳೆಗೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಎಲ್ಲವೂ ತಲೆಯ ಮೇಲೆ. ಹೊರುವ ಆಳುಗಳು ವರ್ಷದಿಂದ ವರ್ಷಕ್ಕೆ ಕಡಿಮೆ. ಅಪ್ಪನಿಗೆ 71. ಮೇಲಿನ ಬ್ಲಾಕನ್ನು ಕಳೆದ ಕೊಯ್ಲಿನಲ್ಲಿ ಅವರು ಎರಡೇ ಸಲ ನೋಡಿದ್ದು.

“ಮಂಡಿ ಕೈಕೊಟ್ಟಿದೆ ಕಣೋ. ಪಕ್ಕದ ತೋಟದವರು ಎಟಿವಿ ತಂದಿದ್ದಾರೆ. ಅವರ ಪರಿಚಯದವರ ಹತ್ರ ಇನ್ನೊಂದು ಸೆಕೆಂಡ್ ಹ್ಯಾಂಡ್ ಇದೆಯಂತೆ. ನಾಲ್ಕು ಚಕ್ರಕ್ಕೂ ಎಳೆತ. ತಗೊಳ್ಳೋಣ ಅಂತ.”

“ಅಪ್ಪ, ಅದು ಬೆಲ್ಟ್ ಗಾಡಿ. ಗುಡ್ಡದಲ್ಲಿ ಕಟ್ ಆದ್ರೆ?”

“ನಿಮ್ಮ ಹೈದರಾಬಾದಲ್ಲಿ ಲಕ್ಷಗಟ್ಟಲೆ ಜನ ಬೆಲ್ಟ್ ಗಾಡೀಲೇ ಓಡಾಡ್ತಾರಲ್ಲೋ. ನೀನೂ ಅದ್ರಲ್ಲೇ ಆಫೀಸಿಗೆ ಹೋಗೋದು.”

ಅಪ್ಪನ ಮಾತಿಗೆ ಅವನಲ್ಲಿ ಉತ್ತರವಿರಲಿಲ್ಲ.

*

ಅಪ್ಪ ಹೇಳಿದ್ದು ನಿಜವೇ. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ, ಎಡಗೈಯಲ್ಲಿ ಕ್ಲಚ್ ಒತ್ತಿ ಗೇರ್ ತಿರುಗಿಸುವ ಬಜಾಜ್ ಚೇತಕ್ಕಿಗೆ ಒಗ್ಗಿದ್ದ ಜನ ಗೇರಿಲ್ಲದ ಸ್ಕೂಟರನ್ನು ಅನುಮಾನದಿಂದ ನೋಡಿದರು. 2001ರಲ್ಲಿ ಆಕ್ಟಿವಾ ಬಂದಮೇಲೆ ಅನುಮಾನ ಮೆಲ್ಲಗೆ ಹೋಯಿತು. ಇಂದು ಮಣಿಕೊಂಡದ ಗಲ್ಲಿಗಳಲ್ಲಿ ಊಟ ತಲುಪಿಸುವ ಹುಡುಗರು, ಮಕ್ಕಳನ್ನು ಶಾಲೆಗೆ ಬಿಡುವ ಅಮ್ಮಂದಿರು, ಹಾಲು ಹಾಕುವವರು ಬಹುಪಾಲು ಬೆಲ್ಟಿನ ಮೇಲೆಯೇ ಬದುಕುತ್ತಿದ್ದಾರೆ. ಆ ಉಪಾಯ ಇನ್ನೂ ಹಳೆಯದು. ನೆದರ್ಲೆಂಡ್ಸಿನ ಹುಬ್ ಫಾನ್ ಡೋರ್ನ್ 1958ರಲ್ಲಿ ಡಾಫ್ ಕಾರಿಗೆ ಅದನ್ನು ಕೂರಿಸಿದ್ದ. ಆ ಕಾರು ಮುಂದಕ್ಕೆ ಎಷ್ಟು ಜೋರಾಗಿ ಹೋಗುತ್ತಿತ್ತೋ ಹಿಂದಕ್ಕೂ ಅಷ್ಟೇ ಜೋರಾಗಿ ಹೋಗಬಲ್ಲದಾಗಿತ್ತು.

ಕೆಲಸ ಮಾಡುವ ಬಗೆ ಸರಳ. ಮುಂದೊಂದು ರಾಟೆ, ಹಿಂದೊಂದು ರಾಟೆ, ನಡುವೆ ಬೆಲ್ಟ್. ಪ್ರತಿ ರಾಟೆಯೂ ಎದುರುಬದುರು ಇಟ್ಟ ಎರಡು ತಟ್ಟೆಗಳು. ವೇಗ ಹೆಚ್ಚಿದಂತೆ ಮುಂದಿನ ತಟ್ಟೆಗಳು ಹತ್ತಿರ ಬಂದು ಬೆಲ್ಟನ್ನು ಅಂಚಿಗೆ ಏರಿಸುತ್ತವೆ, ಹಿಂದಿನವು ಅಗಲವಾಗಿ ಅದನ್ನು ನಡುವಿಗೆ ಇಳಿಸುತ್ತವೆ. ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಹಲ್ಲಿಗೆ ಹಲ್ಲು ಕಚ್ಚುವ ಗೇರಿನಂತೆ ಇಲ್ಲಿ ಹಿಡಿತವಿಲ್ಲ. ಎಳೆತವೆಲ್ಲ ತಿಕ್ಕಾಟದ ಮೇಲೆ ನಿಂತಿದೆ. ತಿಕ್ಕಾಟ ಎಂದರೆ ಬಿಸಿ, ಬಿಸಿಯೇ ರಬ್ಬರಿನ ಶತ್ರು.

ಸ್ಕೂಟರಿಗೂ ಎಟಿವಿಗೂ ಇರುವ ಮುಖ್ಯ ವ್ಯತ್ಯಾಸ ಅವನಿಗೆ ತಿಳಿದದ್ದು ಆಗಲೇ. ಸ್ಕೂಟರಿನಲ್ಲಿ ಹಿಂದಿನ ರಾಟೆಯ ಬಳಿ ಬೇರೆಯೇ ಒಂದು ಕ್ಲಚ್ ಇದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಬೆಲ್ಟ್ ಸುತ್ತುತ್ತಲೇ ಇರುತ್ತದೆ. ಹೊರಡುವಾಗಿನ ಜಾರಾಟವನ್ನು ಕ್ಲಚ್ ತಡೆದುಕೊಳ್ಳುತ್ತದೆ. 1985ರಿಂದ ಎಟಿವಿ ಮಾಡುತ್ತಿರುವ ಪೋಲಾರಿಸ್ ಕಂಪನಿಯ ಗಾಡಿಗಳಂಥವುಗಳಲ್ಲಿ ಬೆಲ್ಟೇ ಕ್ಲಚ್ಚು. ನಿಂತಾಗ ತಟ್ಟೆಗಳು ಬಿಟ್ಟುಕೊಂಡಿರುತ್ತವೆ, ಹೊರಡುವಾಗ ಬೆಲ್ಟನ್ನು ಹಿಂಡಿ ಹಿಡಿಯುತ್ತವೆ. ಗಾಡಿ ಕೆಸರಿನಲ್ಲಿ ಹೂತು, ಸವಾರ ಆಕ್ಸಿಲರೇಟರ್ ಒತ್ತಿಯೇ ಹಿಡಿದರೆ, ಹಿಂದಿನ ರಾಟೆ ನಿಂತಲ್ಲೇ ಇರುತ್ತದೆ, ಮುಂದಿನದು ಬೆಲ್ಟಿನ ಒಂದೇ ಜಾಗವನ್ನು ಉಜ್ಜುತ್ತದೆ. ಕೆಲವೇ ಕ್ಷಣಗಳಲ್ಲಿ ಆ ಜಾಗ ಸೊಂಟದಂತೆ ಸಣ್ಣಗಾಗುತ್ತದೆ. ಅದು ಅಂದೇ ತುಂಡಾಗಬೇಕೆಂದಿಲ್ಲ. ಮುಂದಿನ ವಾರ, ಯಾವುದೋ ಸಪಾಟು ದಾರಿಯಲ್ಲಿ ಆಗಬಹುದು.

ಎಲ್ಲ ಕಂಪನಿಗಳೂ ಹೀಗೇ ಮಾಡಿಲ್ಲ. ಯಮಹಾದ ಕೊಡಿಯಾಕ್, ಗ್ರಿಜ್ಲಿಗಳಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಾಗಿರುತ್ತದೆ, ಹೊರಡುವ ಕೆಲಸವನ್ನು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಮಾಡುತ್ತದೆ. ಹೋಂಡಾದ ಎಟಿವಿಗಳು ಬಹುಮಟ್ಟಿಗೆ ಗೇರನ್ನೇ ನಂಬಿಕೊಂಡು ಬಂದವು. ಆದರೆ ಸಕಲೇಶಪುರದಲ್ಲಿ ಸಿಗುತ್ತಿದ್ದದ್ದು ಬೆಲ್ಟೇ ಕ್ಲಚ್ಚಾಗಿರುವ ಗಾಡಿ.

*

ಒಂದು ಭಾನುವಾರ ಅವನು ಊರ ಹೊರಗೆ, ಗಂಡಿಪೇಟೆಯ ಆಚೆ, ಬಾಡಿಗೆಗೆ ಎಟಿವಿ ಓಡಿಸುವ ಜಾಗಕ್ಕೆ ಹೋದ. ಓಡಿಸುವುದಕ್ಕಿಂತ ಅದನ್ನು ರಿಪೇರಿ ಮಾಡುವ ಹುಡುಗನ ಹತ್ತಿರ ಮಾತಾಡುವುದು ಅವನಿಗೆ ಬೇಕಿತ್ತು. ದಿನಕ್ಕೆ ಹತ್ತಾರು ಕೈ ಬದಲಾಗುವ ಗಾಡಿಗಳು ಅವು. ಹುಡುಗ ಹೇಳಿದ್ದು ಇಷ್ಟು: ಜೋರಾಗಿ ಓಡಿಸುವವರಿಂದ ಬೆಲ್ಟ್ ಹೋಗುವುದು ಕಡಿಮೆ. ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಕೊಡುವವರಿಂದ, ಬಂಡೆಗೆ ಚಕ್ರ ಆನಿಸಿ ಹತ್ತಲೇಬೇಕೆಂದು ಒತ್ತುವವರಿಂದ, ಏರಿನಲ್ಲೂ ಲೋ ಗೇರಿಗೆ ಹಾಕದವರಿಂದ ಹೋಗುತ್ತದೆ. ಲೋಗೆ ಹಾಕಿದರೆ ಬೆಲ್ಟಿನ ಮೇಲಿನ ಭಾರ ಗೇರ್‌ಬಾಕ್ಸಿಗೆ ಹೋಗುತ್ತದೆ. ನೀರು ಹೊಕ್ಕರೆ ಬೆಲ್ಟ್ ಜಾರುತ್ತದೆ. ಆಗ ಬಲವಂತ ಮಾಡದೆ, ಡ್ರೈನ್ ತೆಗೆದು, ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡಿಸಿ ಒಣಗಿಸಬೇಕು.

ಎಲ್ಲವೂ ಕಲಿಯಬಹುದಾದದ್ದು. ಅವನಿಗೆ ಧೈರ್ಯ ಬಂತು. ಹಿಂದಿರುಗುವಾಗ, ಖಾಜಾಗುಡದ ಅದೇ ಏರಿನಲ್ಲಿ, ಅದು ಅರ್ಧ ಕರಗಿತು.

ಇಲ್ಲಿ ಬೆಲ್ಟ್ ತುಂಡಾದಾಗ ಅವನು ನಡೆದದ್ದು ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಯ ತುದಿಯಲ್ಲಿ ಬೆಲ್ಟೂ ಇತ್ತು, ಹಾಕುವ ಕೈಯೂ ಇತ್ತು. ಎಟಿವಿಯ ಬೆಲ್ಟಿಗೆ ಸ್ಕೂಟರಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬೆಲೆ. ಸಕಲೇಶಪುರದ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ ವಸ್ತುವಲ್ಲ. ಮೇಲಿನ ಬ್ಲಾಕಿನಿಂದ ಮನೆಗೆ ಎರಡು ಕಿಲೋಮೀಟರ್. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಸಂಜೆಯಾದಮೇಲೆ ಆನೆ ಯಾವ ಬೇಲಿ ದಾಟಿ ಬಂದಿದೆ ಎಂದು ಯಾರೂ ಹೇಳಲಾರರು. ಕೊಯ್ಲಿನ ಕಾಲದಲ್ಲಿ ಆನೆ ಇರುವ ಸುದ್ದಿ ಬಂದರೆ ಆಳುಗಳು ತೋಟಕ್ಕೆ ಇಳಿಯುವುದಿಲ್ಲ. ಅಂಥ ಕಡೆ, ಆರು ಗಂಟೆಗೆ, ಮಂಡಿ ನೋವಿನ ಒಬ್ಬ ಮುದುಕ ಕೂಗುವ ಎಂಜಿನ್ನಿನ, ಚಲಿಸದ ಚಕ್ರದ ಗಾಡಿಯ ಮೇಲೆ ಕೂತಿರುತ್ತಾನೆ.

ಬೆಲ್ಟ್ ಎರಡೂ ಕಡೆ ಒಂದೇ. ಅದನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಜಾಗ ನೋಡಿ ಬದಲಾಗುತ್ತದೆ. ಮಣಿಕೊಂಡದ ಜನ ನಂಬಿರುವುದು ಬೆಲ್ಟೊಂದನ್ನೇ ಅಲ್ಲ, ಗಲ್ಲಿಗೊಂದು ಇರುವ ಗ್ಯಾರೇಜನ್ನು. ತೋಟಕ್ಕೆ ಎಟಿವಿ ಒಯ್ಯುವುದಾದರೆ ಗ್ಯಾರೇಜನ್ನೂ ಒಯ್ಯಬೇಕು.

*

ಅವನು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅಪ್ಪ ಮೇಲಿನ ಬ್ಲಾಕನ್ನು ಮಾರುವ ಮಾತು ತೆಗೆಯುತ್ತಿದ್ದರು. ಆ ಮಾತು ಒಮ್ಮೆ ಶುರುವಾದರೆ ಕೆಳಗಿನ ಬ್ಲಾಕಿಗೂ ಇಳಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಎಂಟು ನೂರು ಕಿಲೋಮೀಟರ್ ದೂರದಲ್ಲಿ ಕೂತ ಮಗನಿಗೆ ಆ ಮಾತನ್ನು ತಡೆಯುವ ಹಕ್ಕು ಎಷ್ಟಿತ್ತು?

ಗಾಡಿ ಬಂತು. ಜೊತೆಗೆ ಎರಡು ಹೊಸ ಬೆಲ್ಟ್. ರಜೆ ಹಾಕಿ ಹೋದ ಅವನು ಅಪ್ಪನ ಜೊತೆ ಶೆಡ್ಡಿನಲ್ಲಿ ಕೂತು, ಚೆನ್ನಾಗಿದ್ದ ಬೆಲ್ಟನ್ನೇ ಬಿಚ್ಚಿ ಮತ್ತೆ ಹಾಕಿದ. ಮೊದಲ ಸಲ ಎರಡು ಗಂಟೆ. ಕವರಿನ ಸ್ಕ್ರೂಗಳು, ಹಿಂದಿನ ತಟ್ಟೆಗಳನ್ನು ಅಗಲಿಸುವ ಚಿಕ್ಕ ಟೂಲು, ಬೆಲ್ಟ್ ತಿರುಗುವ ದಿಕ್ಕಿನ ಗುರುತು. ಮೂರನೆಯ ಸಲ ಅಪ್ಪ ಒಬ್ಬರೇ ನಲವತ್ತು ನಿಮಿಷದಲ್ಲಿ ಮುಗಿಸಿದರು. ತೋಟದ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಅವರೇ ಬರೆದುಕೊಂಡರು: ಹೊಸ ಬೆಲ್ಟಿಗೆ ಮೊದಲ 80 ಕಿ.ಮೀ. ಭಾರ ಬೇಡ. ಏರು, ಟ್ರೇಲರ್, ಕೆಸರು: ಲೋ. ವಾಸನೆ ಬಂದರೆ ನಿಲ್ಲಿಸು. ಸೀಟಿನ ಕೆಳಗೆ ಬೆಲ್ಟ್, ಟೂಲು, ಟಾರ್ಚು.

ಕೊನೆಯ ಸಾಲನ್ನು ಮಗ ಸೇರಿಸಿದ: ಸಂಜೆ 4ರ ನಂತರ ಮೇಲಿನ ಬ್ಲಾಕಿಗೆ ಹೋಗುವಂತಿಲ್ಲ.

“ಇದು ಗಾಡಿಗೋ, ನನಗೋ?” ಎಂದು ಅಪ್ಪ ಕೇಳಿದರು.

ಮೊದಲ ಮಳೆಗಾಲದಲ್ಲೇ ಒಂದು ಬೆಲ್ಟ್ ಹೋಯಿತು. ಡ್ರಮ್ಮು ಹೇರಿಕೊಂಡು ಹೈಯಲ್ಲೇ ಏರು ಹತ್ತಿಸಿದ್ದು ತಾವೇ ಎಂದು ಅಪ್ಪ ಫೋನಿನಲ್ಲಿ ಒಪ್ಪಿಕೊಂಡರು. ಬೆಳಿಗ್ಗೆ ಹನ್ನೊಂದಕ್ಕೆ, ಮೇಲಿನ ಬ್ಲಾಕಿನಲ್ಲೇ. “ನಡೀಲಿಲ್ಲ ಕಣೋ. ಅಲ್ಲೇ ಕೂತು ಹಾಕ್ದೆ. ಎಳೆಗಳು ಒಳಗೆ ಸುತ್ತಿಕೊಂಡಿದ್ವು, ಒಂದೊಂದೇ ತೆಗೆಯೋಕೆ ಹೊತ್ತಾಯ್ತು. ಇನ್ನೊಂದು ಬೆಲ್ಟ್ ತರಿಸಿಡು.”

ಅವನು ಆ ದಿನವೇ ತರಿಸಿದ. ಮರುವಾರ ತನ್ನ ಸ್ಕೂಟರಿಗೂ ಒಂದು ಬೆಲ್ಟ್ ಕೊಂಡು ಸೀಟಿನ ಕೆಳಗೆ ಇಟ್ಟುಕೊಂಡ. ರಾಯಚೂರಿನ ಮೆಕ್ಯಾನಿಕ್ ಅದನ್ನು ನೋಡಿ ನಕ್ಕ.

“ಇಲ್ಲಿ ಇದ್ಯಾಕ್ರಿ ಸರ, ನಾ ಇದ್ದೀನಲ್ಲ.”