ಹಿತ್ತಾಳೆಗೂ ಕಲಾಯಿ ಬೇಕು

ಚಿಂಚವಡದ ಆ ಮನೆಯ ಊಟದ ಮೇಜಿನ ಮೇಲೆ ಗೆಳೆಯರಿಂದ ಎರವಲು ತಂದ ಎರಡು ಸ್ಕೂಬಾ ರೆಗ್ಯುಲೇಟರುಗಳಿದ್ದವು. ಒಂದರಲ್ಲಿ ಬಾಯಿಯ ಬಳಿ ಇರುವ ಭಾಗ ಕಪ್ಪು ಪ್ಲಾಸ್ಟಿಕ್ಕಿನದು, ಇನ್ನೊಂದರಲ್ಲಿ ಕ್ರೋಮ್ ಲೇಪಿಸಿದ ಹಿತ್ತಾಳೆಯದು. ಅಪ್ಪ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿದರು. ಧಾರವಾಡದಿಂದ ಬಂದು ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಲೋಹ ಕೊರೆದ ಕೈ ಅದು.

"ಪ್ಲಾಸ್ಟಿಕ್ ಮ್ಯಾಲೆ ಜೀವಾ ಇಡ್ತೀಯೇನವಾ?"

ಡೈವಿಂಗ್ ಮಾತು ಬಂದಾಗಲೆಲ್ಲ ಪೇಪರ್ ಮಡಚಿ ಎದ್ದುಹೋಗುತ್ತಿದ್ದವರು ಎರಡು ವರ್ಷದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಮಗಳು ಅವಸರ ಮಾಡಲಿಲ್ಲ.

"ಜೀವ ಇರೋದು ಇದರಾಗ, ಅಪ್ಪಾ" ಎಂದು ಸಿಲಿಂಡರಿನ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ತೋರಿಸಿದಳು. ಅದು ಎರಡರಲ್ಲೂ ಲೋಹದ್ದೇ. ಸಿಲಿಂಡರಿನ 200 ಬಾರ್ ಒತ್ತಡವನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿರುವಷ್ಟಕ್ಕೆ ಇಳಿಸುತ್ತದೆ. ಉಳಿದದ್ದನ್ನು ಬಾಯಿಯ ಬಳಿಯ ಸೆಕೆಂಡ್ ಸ್ಟೇಜ್ ಇಳಿಸಿ, ಉಸಿರೆಳೆದಾಗ ಗಾಳಿ ಬಿಡುತ್ತದೆ. ಹಿಂದೆ ಅದೂ ಹಿತ್ತಾಳೆಯದೇ ಇರುತ್ತಿತ್ತು. ಗಟ್ಟಿ ಪ್ಲಾಸ್ಟಿಕ್ ಬಂದ ಮೇಲೆ ಹಗುರಾಯಿತು, ಅಗ್ಗವಾಯಿತು.

ಹಾಗಿದ್ದರೂ ಮಾರೆಸ್ ಅಬಿಸ್, ಸ್ಕೂಬಾಪ್ರೋ ಎ700 ತರಹದ ಲೋಹದ ಮಾದರಿಗಳು ಬಂದದ್ದಕ್ಕೆ ಕಾರಣವಿದೆ. ಒತ್ತಡ ಇಳಿದ ಗಾಳಿ ತಣ್ಣಗಾಗುತ್ತದೆ. 10 ಡಿಗ್ರಿಗಿಂತ ತಂಪಾದ ನೀರಿನಲ್ಲಿ ವಾಲ್ವ್ ಮಂಜುಗಟ್ಟಿ, ತೆರೆದೇ ಉಳಿದು, ಸಿಲಿಂಡರಿನ ಗಾಳಿಯೆಲ್ಲ ಭೋರೆಂದು ಹೊರನುಗ್ಗಬಹುದು. ಲೋಹ ಸುತ್ತಲಿನ ನೀರಿನ ಬಿಸಿಯನ್ನು ಬೇಗ ಒಳಗೆ ಒಯ್ದು ಆ ಅಪಾಯ ತಗ್ಗಿಸುತ್ತದೆ. ಆದರೆ ಅವಳು ಹೋಗುವುದು ಮಾಲ್ವಣಕ್ಕೆ, ಮುರುಡೇಶ್ವರದಾಚೆಯ ನೇತ್ರಾಣಿಗೆ. ಅಲ್ಲಿನ ಬೆಚ್ಚನೆಯ ನೀರಿನಲ್ಲಿ ಮಂಜಿನ ಭಯವಿಲ್ಲ.

ಇನ್ನೊಂದು ಲಾಭ ಮಾತ್ರ ಅಲ್ಲಿಯೂ ಸಿಗುತ್ತದೆ. ಸಿಲಿಂಡರಿನ ಗಾಳಿ ತೇವ ತೆಗೆದ ಗಾಳಿ, ಗಂಟಲು ಒಣಗುತ್ತದೆ. ಬಿಟ್ಟ ಉಸಿರಿನ ತೇವ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ, ಮುಂದಿನ ಉಸಿರಿಗೆ ಸ್ವಲ್ಪ ಮರಳುತ್ತದೆ. ಅದಕ್ಕೆ ಪ್ರತಿಯಾಗಿ ದವಡೆ ಆ ಭಾರ ಹೊರಬೇಕು. ಕ್ರೋಮ್ ಕೆತ್ತಿಹೋದಲ್ಲಿ ಉಪ್ಪುನೀರು ಹಿತ್ತಾಳೆಯನ್ನು ತಿನ್ನತೊಡಗುತ್ತದೆ.

ಅಪ್ಪನಿಗೆ ಆ ಮಾತು ತಟ್ಟಿತು. "ಹಿತ್ತಾಳಿಗೂ ಕಲಾಯಿ ಬೇಕಲ್ಲ" ಎಂದರು. ಕಸಬಾ ಪೇಟೆಯ ತಾಂಬಟ್ ಆಳಿಯಿಂದ ತಂದ ಪಾತ್ರೆಗಳಿಗೆ ಅವಳಮ್ಮ ವರ್ಷಕ್ಕೊಮ್ಮೆ ತಪ್ಪದೆ ಕಲಾಯಿ ಹಾಕಿಸುತ್ತಿದ್ದರು. ಆಮೇಲೆ ಕನ್ನಡಕ ಹಾಕಿಕೊಂಡು ಕೇಳಿದರು: "ಒಳಗ ಸವಿಯೋದೇನು? ಅದನ್ನ ಬಿಚ್ಚಿ ಜೋಡಿಸೋರು ಯಾರು?"

ಒಳಗೆ ಸವೆಯುವುದು ಓ-ರಿಂಗು, ವಾಲ್ವ್ ಕೂರುವ ಮೆತ್ತನೆಯ ಸೀಟು. ಹೊರಮೈ ಯಾವುದಾದರೂ ಅವು ಎರಡರಲ್ಲೂ ಇವೆ, ಗಡುವಿಗೆ ಸರಿಯಾಗಿ ಬದಲಾಗಬೇಕು. ಅವಳು ಬೆಲೆ ಹೋಲಿಸಿದ್ದಳು, ತೂಕ ಹೋಲಿಸಿದ್ದಳು, ಇದನ್ನು ಕೇಳಿರಲಿಲ್ಲ. ಮರುದಿನ ಫೋನ್ ಮಾಡಿ ವಿಚಾರಿಸಿದಾಗ ಗೊತ್ತಾಯಿತು: ಅವಳು ಮನಸ್ಸಿಟ್ಟಿದ್ದ ಲೋಹದ ಮಾದರಿಯ ಸರ್ವಿಸ್ ಕಿಟ್ ಹತ್ತಿರದ ಯಾರ ಬಳಿಯೂ ಇಲ್ಲ, ತರಿಸಬೇಕು. ಡೈವಿಂಗ್ ನಡೆಯುವುದೇ ಮಳೆಗಾಲ ಬಿಟ್ಟ ತಿಂಗಳುಗಳಲ್ಲಿ. ಕಿಟ್ಟಿಗೆ ಕಾಯುತ್ತ ಕೂತರೆ ಸೀಸನ್ ಹೋದಂತೆ.

ಅವಳು ಪ್ಲಾಸ್ಟಿಕ್ಕಿನದನ್ನೇ ಕೊಂಡಳು. ಉಪ್ಪು, ಮರಳು ಒಳಹೋಗದಂತೆ ಮುಚ್ಚಿದ ಡಯಾಫ್ರಾಮ್ ಫಸ್ಟ್ ಸ್ಟೇಜ್ ಇರುವಂಥದ್ದು, ಕಣ್ಣೆದುರೇ ಬಿಚ್ಚಿ ತೋರಿಸುವ ಮೆಕ್ಯಾನಿಕ್ ಸಿಕ್ಕಂಥದ್ದು. ಹಿತ್ತಾಳೆಯದನ್ನು ವಾಪಸು ಕೊಡುವಾಗ ಅಪ್ಪ ಅದನ್ನೊಮ್ಮೆ ಪಂಚೆಯ ತುದಿಯಿಂದ ಒರೆಸಿದರು.

ನೇತ್ರಾಣಿಯಿಂದ ಅವಳು ಮರಳಿದ ಬೆಳಿಗ್ಗೆ ಬಚ್ಚಲಲ್ಲಿ ಸಿಹಿನೀರಿನ ಬಕೆಟ್ಟು ತುಂಬಿತ್ತು. ಅಪ್ಪ ಡಸ್ಟ್ ಕ್ಯಾಪ್ ಒಣಗಿಸಿ, ಬಿಗಿದು, ರೆಗ್ಯುಲೇಟರನ್ನು ತಾವೇ ನೀರಿಗಿಳಿಸಿದರು. ಅವಳು ಕೈ ಚಾಚಿದಾಗ ತಡೆದರು.

"ಆ ಗುಂಡಿ ಒತ್ತಬ್ಯಾಡ. ನೀರು ಪೈಪಿನೊಳಗ ಹೋಗತೈತಿ."

ಅದನ್ನು ಅವರಿಗೆ ಅವಳು ಹೇಳಿಕೊಟ್ಟಿರಲಿಲ್ಲ.