ಹತ್ತು ರೂಪಾಯಿ ನೋಟು ಮತ್ತು ಅಪ್ಪನ ಗುರಿ

ಹೋದ ವರ್ಷ ಕೈಲ್‌ಪೊಳ್ದ್‌ಗೆ ಊರಿಗೆ ಹೋಗಿದ್ದೆ. ಕೊಡಗಿನವರಿಗೆ ಇದನ್ನ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳೋದಾದ್ರೆ, ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರೋ ನಮ್ಮ ಆಯುಧದ ಹಬ್ಬ ಅದು. ಕೋವಿಗಳನ್ನ ಒರೆಸಿ, ತೋಕ್ ಪೂ ಇಟ್ಟು ಪೂಜೆ ಮಾಡ್ತೀವಿ. ಕಡಂಬುಟ್ಟು, ಪಂದಿಕರಿ ಊಟ ಆದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ.

ಅಪ್ಪ ತೆಂಗಿನಕಾಯಿ ಒಡೆಯದೇ ವಾಪಸ್ ಬಂದದ್ದನ್ನ ನಾನು ನೋಡಿರಲಿಲ್ಲ. ಆ ದಿನ ಅವರ .22 ರೈಫಲ್‌ನ ಮೂರೂ ಗುಂಡು ತಪ್ಪಿತು. ಯಾರೋ ನಕ್ಕರು, ಅಪ್ಪನೂ ನಕ್ಕರು. ರಾತ್ರಿ ಕೋವಿಯನ್ನ ಗೋಡೆಗೆ ಹಾಕ್ತಾ, ‘ಕಣ್ಣು ಹೋಯ್ತು ಮಗಳೇ. ಬರೋ ವರ್ಷದಿಂದ ನಿನ್ನ ತಮ್ಮ ಹೊಡೀಲಿ’ ಅಂದರು. ಆಗ ಯಾರೂ ನಗಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ನನ್ನ ಕೆಲಸ ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕೋದು. ಮೂರೂ ಗುಂಡು ತೆಂಗಿನಕಾಯಿಯ ಬಲಕ್ಕೆ, ಹಿಂದಿನ ಮಣ್ಣಿನ ದಿಬ್ಬದಲ್ಲಿ, ಒಂದು ಅಂಗೈ ಅಗಲದ ಒಳಗೇ ಬಿದ್ದಿದ್ದವು. ಕೈ ನಡುಗಿದ್ರೆ, ಕಣ್ಣು ಮಂಜಾಗಿದ್ರೆ ಗುಂಡುಗಳು ಚೆದುರಿ ಹೋಗಬೇಕಿತ್ತು. ಹೀಗೆ ಒಂದೇ ಕಡೆ ಹೋಗೋದು ಮನುಷ್ಯನ ತಪ್ಪಿಗಿಂತ ಯಂತ್ರದ ತಪ್ಪಿನ ಲಕ್ಷಣ. ಬೇಸಿಗೆಯಲ್ಲಿ ಇದೇ ಕೋವಿ ಚೆನ್ನಾಗೇ ಹೊಡೀತಿತ್ತು. ಮಧ್ಯೆ ಆಗಿದ್ದು ಏನು? ಮಳೆಗಾಲ.

ನಾನು ಎರಡು ವರ್ಷದಿಂದ ಬೆಂಗಳೂರಲ್ಲಿ ವಾರಾಂತ್ಯಕ್ಕೆ ರೈಫಲ್ ಶೂಟಿಂಗ್ ಕಲೀತಿದ್ದೀನಿ. ಅಲ್ಲಿನ ಕೋಚ್‌ಗೆ ಒಂದು ಅಭ್ಯಾಸ. ಹೊಸ ರೈಫಲ್ ಕೈಗೆ ಬಂದ್ರೆ, ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಒಂದು ಕಾಗದ ತೂರಿಸಿ ಹಿಂದಕ್ಕೆ ಎಳೀತಾರೆ. ಬೆಳಿಗ್ಗೆ ನಾನೂ ಅದನ್ನೇ ಮಾಡಿದೆ. ಪರ್ಸಲ್ಲಿ ಇದ್ದಿದ್ದು ಹತ್ತು ರೂಪಾಯಿ ನೋಟು. ಮುಂದಿನ ತುದಿಯಲ್ಲೇ, ಎಡಗಡೆ, ಸಿಕ್ಕಿಕೊಂಡಿತು. ಮಳೆಯ ತೇವ ಕುಡಿದು ಊದಿದ್ದ ಮರ ನಳಿಗೆಯನ್ನ ಬಲಕ್ಕೆ ಒತ್ತುತ್ತಾ ಇತ್ತು.

ಇದರ ಹಿಂದಿನ ಲೆಕ್ಕ ಸರಳ. ಗುಂಡು ನಳಿಗೆಯಲ್ಲಿ ಇರೋದು ಎರಡು-ಮೂರು ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲೇ ನಳಿಗೆ ತಂತಿಯ ಹಾಗೆ ಅದುರುತ್ತೆ. ಅದುರೋದು ತೊಂದರೆ ಅಲ್ಲ. ಪ್ರತಿ ಸಲವೂ ಒಂದೇ ರೀತಿ ಅದುರಿದ್ರೆ ಗುಂಡುಗಳೂ ಒಂದೇ ಜಾಗಕ್ಕೆ ಹೋಗುತ್ತವೆ, ಆ ಜಾಗಕ್ಕೆ ಸೈಟ್ ಹೊಂದಿಸಿಕೊಂಡ್ರೆ ಆಯ್ತು. ಮರ ತಾಗಿದ್ರೆ ಆ ಅದುರು ಬದಲಾಗುತ್ತೆ. ಇವತ್ತು ತೇವ, ನಾಳೆ ಬಿಸಿಲು, ನಾಡಿದ್ದು ಕೈಯ ಒತ್ತಡ, ದಿನಕ್ಕೊಂದು ಥರ. ನಳಿಗೆಯ ಉದ್ದ 60 ಸೆಂ.ಮೀ. ಅಂದ್ಕೊಳ್ಳಿ. ತುದಿ ಬರೀ 0.1 ಮಿ.ಮೀ., ಅಂದ್ರೆ ಹೆಚ್ಚುಕಡಿಮೆ ಒಂದು ನೋಟಿನ ದಪ್ಪದಷ್ಟು ವಾಲಿದ್ರೂ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 8 ಮಿ.ಮೀ. ಸರಿಯುತ್ತೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿ.ಮೀ. ನಡುಮಧ್ಯಕ್ಕೆ ಇಟ್ಟ ಗುರಿ ಒಂದು ನೋಟಿನ ದಪ್ಪದಷ್ಟಕ್ಕೇ ಹತ್ತರಿಂದ ಜಾರಬಹುದು!

ತೆಂಗಿನಕಾಯಿ ಅದಕ್ಕಿಂತ ಎಷ್ಟೋ ದೊಡ್ಡದು, ನಿಜ. ಆದ್ರೆ ನಮ್ಮ ಮರ ಒತ್ತುತ್ತಿದ್ದದ್ದೂ ನೋಟಿನ ದಪ್ಪಕ್ಕಿಂತ ಜಾಸ್ತಿಯೇ.

ನಳಿಗೆ ಯಾವಾಗಲೂ ತಾಗದೇ ಇರಬೇಕು ಅಂತ ಕಾನೂನೇನಿಲ್ಲ. ಹಳೆಯ .303 ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್‌ನಲ್ಲಿ ಮುಂದಿನ ಮರ ನಳಿಗೆಯನ್ನ ಬೇಕಂತಲೇ ಮೇಲಕ್ಕೆ ಒತ್ತೋ ಹಾಗೆ ಕೂರಿಸ್ತಿದ್ದರು. ಒಂದೇ ಸಮ ತಾಗಲಿ, ಇಲ್ಲಾ ತಾಗದೇ ಇರಲಿ. ಒಮ್ಮೆ ತಾಗಿ ಒಮ್ಮೆ ಬಿಡೋದೇ ಕಷ್ಟ. ನಮ್ಮ ಆಫೀಸಲ್ಲೂ ದಿನಾ ಬರೋ ಬಗ್‌ಗಿಂತ ಆಗಾಗ ಬಂದು ಮಾಯ ಆಗೋ ಬಗ್ಗೇ ನಮ್ಮನ್ನ ಹೆಚ್ಚು ಅಳಿಸೋದು.

ಅಪ್ಪನನ್ನ ಕರೆದು ನೋಟು ಎಳೆದು ತೋರಿಸಿದೆ. ಸುಮ್ಮನೆ ನೋಡಿದರು. ‘ಮೂವತ್ತು ವರ್ಷ ಹೊರಗಡೆ ಎಣ್ಣೆ ಹಚ್ಚಿದೆ, ಒಳಗಡೆ ನೋಡಲೇ ಇಲ್ಲ’ ಅಂದರು. ಮರದ ಹೊರಮೈಗೆ ವಾರ್ನಿಶ್ ಇತ್ತು, ನಳಿಗೆ ಕೂರೋ ಒಳಗಿನ ಕಾಲುವೆ ಬೋಳಾಗಿತ್ತು. ತೇವ ನುಗ್ಗಿದ್ದು ಅಲ್ಲಿಂದ.

ಕೋವಿ ರಿಪೇರಿ ಮಾಡೋರ ಹತ್ತಿರ ಕೊಟ್ವಿ. ಅವರು ಕಾಲುವೆಯನ್ನ ಎರಡೂ ಕಡೆ ಸಮನಾಗಿ ಉಜ್ಜಿ, ಒಳಗೂ ವಾರ್ನಿಶ್ ಬಳಿದರು. ಹಿಂದೆ, ಗುಂಡು ತುಂಬೋ ಭಾಗ ಮರಕ್ಕೆ ಕೂರೋ ಕಡೆ ಮಾತ್ರ ತಿರುಪುಗಳನ್ನ ಗಟ್ಟಿಯಾಗಿ ಬಿಗಿದರು. ಅಲ್ಲಿ ಅಲ್ಲಾಡಿದ್ರೆ ಮುಂದೆ ಎಷ್ಟು ಜಾಗ ಬಿಟ್ಟರೂ ಪ್ರಯೋಜನ ಇಲ್ಲವಂತೆ. ಈಗ ನೋಟನ್ನ ಎರಡು ಮಡಿಕೆ ಮಾಡಿ ಎಳೆದ್ರೂ ಸಲೀಸಾಗಿ ಬರುತ್ತೆ.

ಈ ಸಲದ ಹಬ್ಬದಲ್ಲಿ ತಮ್ಮ ಕೋವಿ ತಂದು ಅಪ್ಪನ ಕೈಗೇ ಕೊಟ್ಟ. ಮೊದಲ ಗುಂಡಿಗೆ ತೆಂಗಿನಕಾಯಿ ಒಡೀತು. ಎರಡನೇದು ತಪ್ಪಿತು, ಎಡಕ್ಕೆ, ತುಂಬಾ ಕೆಳಗೆ. ನಾನು ಓಡಿಹೋಗಿ ಮತ್ತೆ ನೋಟು ತೆಗೆಯೋಕೆ ಹೊರಟೆ.

ಅಪ್ಪ ತಡೆದರು. ‘ಬಿಡು, ಇದು ಕೋವಿದಲ್ಲ. ಉಸಿರು ಹಿಡಿಯೋದು ಮರೆತೆ, ಇದು ನಂದೇ’ ಅಂದರು. ಆ ಮಾತಲ್ಲಿ ಬೇಸರ ಇರಲಿಲ್ಲ. ಆಮೇಲೆ ಮೂರನೇ ಗುಂಡು ತುಂಬಿಕೊಂಡರು.