ನಿಮ್ಮ ಗೊರಗೊರ, ನನ್ನ ಕರಕರ

ಹೊಸ ಗಿಟಾರು ಕೊಳ್ಳುವವರ ಬಗ್ಗೆ ನನಗೆ ಗೌರವವಿದೆ, ಅಸೂಯೆಯಿಲ್ಲ. ಅಂಗಡಿಗೆ ಹೋಗುತ್ತಾರೆ, ಗೋಡೆಗೆ ತೂಗುಹಾಕಿದ್ದರಲ್ಲಿ ಒಂದನ್ನು ಇಳಿಸುತ್ತಾರೆ, ಕಾರ್ಡು ಉಜ್ಜುತ್ತಾರೆ, ಬಿಲ್ಲು ಹಿಡಿದು ಹೊರಬರುತ್ತಾರೆ. ಅದರಲ್ಲಿ ಸ್ವಾರಸ್ಯ ಎಲ್ಲಿದೆ? ಗೊರಗೊರ ಎನ್ನುವ ಆಂಪ್ಲಿಫೈಯರ್ ಕೊಟ್ಟು ಉಸಿರೇ ಇಲ್ಲದ ಪೆಡಲ್ ತರುವುದಿದೆಯಲ್ಲ, ಅದಕ್ಕೆ ಒಂದಿಡೀ ಭಾನುವಾರ ಬೇಕು. ತಂದದ್ದನ್ನು ಬಿಚ್ಚಿಹಾಕಿಕೊಂಡು ಕೂರುವುದಕ್ಕೆ ಮುಂದಿನ ಎಷ್ಟೋ ಭಾನುವಾರಗಳು ತಾವಾಗಿಯೇ ಒದಗಿಬರುತ್ತವೆ.

ಈ ವ್ಯವಹಾರದ ಮೂಲ ಪಾಠ ನನಗೆ ಅಮ್ಮನಿಂದ ಬಂದದ್ದಿರಬೇಕು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವಾಕೆ ಬಾಗಿಲಿಗೆ ಬಂದರೆ ಅಮ್ಮ ಅಪ್ಪನ ಪ್ಯಾಂಟುಗಳನ್ನು ಒಂದೊಂದಾಗಿ ಹೊರತರುತ್ತಿದ್ದಳು, ಒಟ್ಟಿಗಲ್ಲ. ಆಕೆ ಪ್ಯಾಂಟಿನ ಮಂಡಿಯನ್ನು ಬಿಸಿಲಿಗೆ ಹಿಡಿದು ನೋಡುವಳು. ಅಮ್ಮ ಡಬರಿಯ ತಳವನ್ನು ಬೆರಳಲ್ಲಿ ತಟ್ಟುವಳು. ಕೊನೆಗೆ ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು, ಒಳಗೊಳಗೇ ಗೆದ್ದೆವೆಂದು ಬೀಗುತ್ತ ಬೀಳ್ಕೊಳ್ಳುತ್ತಿದ್ದರು. ಬೆಂಗಳೂರಿನ ಮೆಟ್ರೋ ನಿಲ್ದಾಣದ ಮೆಟ್ಟಿಲ ಬಳಿ ಸ್ಕೂಟರ್ ನಿಲ್ಲಿಸಿ, ಕಾಲಿಡುವ ಜಾಗದಲ್ಲಿ ಆಂಪ್ ಇಟ್ಟುಕೊಂಡು ಕಾಯುವ ನಾನು ಮಾಡುವುದೂ ಅದನ್ನೇ.

ಕೊಡುವವರ ಮಾತನ್ನು ಕೇಳುವುದೇ ಒಂದು ಸುಖ. ‘ಸಣ್ಣ ಪ್ರಾಬ್ಲಂ ಅಷ್ಟೇ’ ಅಂದರೆ ಏನು ಪ್ರಾಬ್ಲಂ ಎಂದು ಅವರಿಗೂ ತಿಳಿದಿಲ್ಲ. ‘ಹೋದ ವರ್ಷ ಚೆನ್ನಾಗೇ ಇತ್ತು’ ಅಂದರೆ ಹೋದ ವರ್ಷದಿಂದ ಯಾರೂ ಅದನ್ನು ಮುಟ್ಟಿಲ್ಲ. ‘ಒಬ್ಬ ಟೆಕ್ನಿಷಿಯನ್‌ಗೆ ತೋರಿಸಿದ್ದೆ’ ಎಂದರೆ ಮಾತ್ರ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ತಾನಾಗಿ ಕೆಟ್ಟದ್ದನ್ನು ಸರಿಮಾಡಬಹುದು. ಇನ್ನೊಬ್ಬರು ಸರಿಮಾಡಿ ಕೆಡಿಸಿದ್ದರ ಜಾಡು ಹಿಡಿಯುವುದು ಕಷ್ಟ. ಮುರಿದ ಗಿಟಾರಿನ ತಲೆಯನ್ನು ಮರದ ಗೋಂದಿನಲ್ಲಿ ಹದವಾಗಿ ಕೂಡಿಸಿದ್ದರೆ ಅದು ಇನ್ನೊಂದು ತಲೆಮಾರು ಬಾಳುತ್ತದೆ, ಬೆಲೆ ಅರ್ಧಕ್ಕಿಳಿದಿರುತ್ತದೆ, ನನ್ನಂಥವನಿಗೆ ಅದೇ ಹಬ್ಬ. ಅರಾಲ್ಡೈಟ್ ಮೆತ್ತಿ ಸೊಟ್ಟಗೆ ಅಂಟಿಸಿದ್ದರೋ, ಬಿಡಿಸಲೂ ಆಗದು, ಬಿಡಲೂ ಆಗದು.

ಈಚೆಗೆ ವಿಜಯನಗರದ ಹುಡುಗನೊಬ್ಬ ಹೀಗೆ ಮೆಟ್ಟಿಲ ಬಳಿ ಸಿಕ್ಕಿದ. ಕೈಯಲ್ಲಿ ಹಳದಿ ಬಣ್ಣದ ಓವರ್‌ಡ್ರೈವ್ ಪೆಡಲ್.

‘ಅಂಕಲ್, ಇದು ಆನೇ ಆಗ್ತಿಲ್ಲ. ಬ್ಯಾಟರಿ ಹಾಕಿದ್ರೂ ಇಲ್ಲ.’

‘ಯಾವ ಅಡಾಪ್ಟರ್ ಹಾಕ್ತಿದ್ದೆಪ್ಪ?’

ಆತ ಸ್ವಲ್ಪ ಹೊತ್ತು ಆಕಾಶ ನೋಡಿದ. ‘ಒಂದ್ಸಲ... ವೈಫೈ ರೌಟರಿಂದು.’

ನನ್ನ ಎದೆಯಲ್ಲಿ ಡೋಲು ಬಡಿಯಿತು. ರೌಟರಿನ ಅಡಾಪ್ಟರಿನಲ್ಲಿ ಪ್ಲಸ್ ಒಳಗೆ, ಮೈನಸ್ ಹೊರಗೆ. ಗಿಟಾರ್ ಪೆಡಲ್‌ಗಳದು ಬಹುಮಟ್ಟಿಗೆ ಅದರ ಉಲ್ಟಾ. ಇದನ್ನು ಬಲ್ಲ ತಯಾರಕರು ಕರೆಂಟು ಒಳಬರುವಲ್ಲೇ ಒಂದು ಡಯೋಡ್ ಇಟ್ಟಿರುತ್ತಾರೆ. ಉಲ್ಟಾ ಕರೆಂಟು ಬಂದರೆ ಅದು ಎಲ್ಲವನ್ನೂ ತನ್ನ ಮೈಮೇಲೆಳೆದುಕೊಂಡು ಸುಟ್ಟುಹೋಗುತ್ತದೆ, ಉಳಿದದ್ದು ಬದುಕಿಕೊಳ್ಳುತ್ತದೆ. ಸತ್ತ ಡಯೋಡು ದಾರಿಗಡ್ಡ ಬಿದ್ದಿರುವುದರಿಂದ ಆಮೇಲೆ ಸರಿಯಾದ ಅಡಾಪ್ಟರ್ ಕೊಟ್ಟರೂ ಪೆಡಲ್ ಅಲುಗುವುದಿಲ್ಲ. ಹೊಸ ಡಯೋಡಿಗೆ ಎಸ್.ಪಿ. ರಸ್ತೆಯಲ್ಲಿ ಒಂದೆರಡು ರೂಪಾಯಿ. ಇದನ್ನೆಲ್ಲ ಅವನಿಗೆ ಹೇಳಿದೆ. ಹೇಳದೆ ವ್ಯವಹಾರ ಮುಗಿಸುವ ಜಾಣರೂ ಇದ್ದಾರೆ, ನನಗೆ ಆ ಜಾಣತನ ರುಚಿಸದು. ಹುಡುಗ ತಲೆಯಾಡಿಸಿ, ‘ನನ್ಹತ್ರ ಸೋಲ್ಡರಿಂಗ್ ಐರನ್ ಇಲ್ಲ ಅಂಕಲ್, ನೀವೇ ಇಟ್ಕೊಳ್ಳಿ’ ಅಂದ. ಬದಲಿಗೆ ನನ್ನಿಂದ ಒಂದು ಟ್ಯೂನರನ್ನೂ, ತೀರಾ ಕರಕರ ಎನ್ನುತ್ತಿದ್ದ ಒಂದು ವಾ ಪೆಡಲನ್ನೂ ಒಯ್ದ. ಕರಕರಕ್ಕೆ ಮದ್ದು ಅವನಿಗೆ ಗೊತ್ತಿತ್ತು: ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೆಡಲನ್ನು ಹಿಂದೆ ಮುಂದೆ ತುಳಿಯುತ್ತ ಒಳಗಿನ ಕಾರ್ಬನ್ ಪಟ್ಟಿಯ ಮೇಲಿನ ಕೊಳೆ ತೆಗೆಯುವುದು. ನನಗೂ ಗೊತ್ತಿದ್ದದ್ದೇ, ಆದರೆ ಆ ತುಳಿತಕ್ಕೆ ನನ್ನ ಮಂಡಿ ಒಪ್ಪುವುದಿಲ್ಲ. ಅದಲುಬದಲಾದದ್ದು ಸಾಮಾನಲ್ಲ, ರೋಗ. ಅವನ ಕೈಲಾಗದ್ದು ನನ್ನ ಕೈಲಾಗುತ್ತದೆ, ನನ್ನ ಕೈಲಾಗದ್ದು ಅವನ ಕೈಲಿ. ಈ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಸಿಕ್ಕಿಲ್ಲ.

ಪೆಡಲ್ ಬಿಚ್ಚಿದಾಗ ಒಳಗೆ ಕಂಡದ್ದು 4558 ಎಂಬ ಪುಟ್ಟ ಐಸಿ. ಗಿಟಾರು ಲೋಕದಲ್ಲಿ ಈ ಸಂಖ್ಯೆಗೆ ಮಂತ್ರದ ಮಹಿಮೆ. 1970ರ ದಶಕದ ಕೊನೆಗೆ ಜಪಾನಿನಿಂದ ಬಂದ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲ್‌ನ ಒಳಗೆ ಇದಿತ್ತೆಂದು, ಹಳೆಯ ಅಚ್ಚಿನದೇ ಬೇಕೆಂದು ಜನ ಹುಡುಕಾಡುತ್ತಾರೆ. ನಮ್ಮ ಎಸ್.ಪಿ. ರಸ್ತೆಯಲ್ಲೋ, ಗಣೇಶನ ಪೆಂಡಾಲಿನ ಆಂಪಿಗೆ ಹಾಕುವ ಬಾಸ್-ಟ್ರೆಬಲ್ ಬೋರ್ಡುಗಳ ಮೇಲೆ ಅದೇ ಸಂಖ್ಯೆಯ ಐಸಿ ಸಾಲಾಗಿ ಕೂತಿರುತ್ತದೆ. ಕೇಳಿದರೆ ಅಂಗಡಿಯವರು ಪ್ಲಾಸ್ಟಿಕ್ ಕವರಿಗೆ ಎಣಿಸಿ ಹಾಕಿಕೊಡುತ್ತಾರೆ, ಮಂತ್ರವಿಲ್ಲದೆ.

ಎಲೆಕ್ಟ್ರಿಕ್ ಗಿಟಾರು ಹುಟ್ಟಿದ್ದೇ ರಿಪೇರಿಯವನ ಕೈಯಲ್ಲಿ ಎಂದು ವಾದಿಸಲು ನಾನು ಯಾವಾಗಲೂ ಸಿದ್ಧ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರು ನುಡಿಸಲು ಅವನು ಕೊನೆಯವರೆಗೂ ಕಲಿಯಲಿಲ್ಲ. ಆದರೆ ಬಿಚ್ಚುವುದು ಹೇಗೆಂದು ಯೋಚಿಸದೆ ಏನನ್ನೂ ಜೋಡಿಸದ ಮನುಷ್ಯ. ಟೆಲಿಕ್ಯಾಸ್ಟರ್‌ನ ಕತ್ತನ್ನು ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕೆಟ್ಟರೆ ಕಳಚಿ ಬೇರೆ ಹಾಕಿಕೊಳ್ಳಿ ಎಂದು. ಪಿಟೀಲು ಮಾಡುವವರು ಕಂಡಿದ್ದರೆ ಮೂರ್ಛೆ ಹೋಗುತ್ತಿದ್ದರೇನೋ. ಆ ನಾಲ್ಕು ಸ್ಕ್ರೂಗಳಿಂದಾಗಿಯೇ ಒಂದು ಗಿಟಾರಿನ ಕತ್ತು, ಇನ್ನೊಂದರ ಮೈ, ಮತ್ತೊಂದರ ಪಿಕಪ್ ಸೇರಿ ನನ್ನಂಥವರ ಮನೆಗಳಲ್ಲಿ ಗೋತ್ರ ತಿಳಿಯದ ಗಿಟಾರುಗಳು ಸುಖವಾಗಿವೆ.

ಆಂಪುಗಳ ವಿಷಯ ಬೇರೆ. ವಾಲ್ವ್ ಇರುವ ಹಳೇ ಆಂಪಿನ ಒಳಗೆ ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳು 400 ವೋಲ್ಟಿನಷ್ಟನ್ನು ಹಿಡಿದಿಟ್ಟುಕೊಂಡಿರಬಲ್ಲವು. ಅಂಥದ್ದನ್ನು ನಾನು ಬಲ್ಲವರಿಗೇ ಒಪ್ಪಿಸುತ್ತೇನೆ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೈಕಟ್ಟಿ ಕೂರುತ್ತೇನೆ. ಅಮೆರಿಕದಿಂದ ಅಳಿಯನೋ ಮಗನೋ ಹೊತ್ತುತಂದ ಆಂಪುಗಳ ಕಥೆಯಂತೂ ಎಲ್ಲ ಬಡಾವಣೆಗಳಲ್ಲೂ ಒಂದೇ: ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಪುಣ್ಯವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ.

ಸ್ವರಜ್ಞಾನವಿದ್ದವರಿಗೆ ಆಂಪಿನ ಹಮ್ಮಿನಲ್ಲಿ ಒಂದು ಬೋನಸ್ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತೂಗುವುದರಿಂದ, ಫಿಲ್ಟರ್ ಕೆಪ್ಯಾಸಿಟರ್ ಒಣಗಿದ ಆಂಪು 100 ಹರ್ಟ್ಜ್‌ನಲ್ಲಿ ಗೊರಗುಟ್ಟುತ್ತದೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿದರೆ ಬರುವ ಜಿ ಸ್ವರ 98. ಅಂದರೆ ಭಾರತದ ಕೆಟ್ಟ ಆಂಪುಗಳೆಲ್ಲ ಹೆಚ್ಚುಕಡಿಮೆ ಜಿ ಶ್ರುತಿಯಲ್ಲಿ ಹಾಡುತ್ತವೆ. ಅಮೆರಿಕದವಕ್ಕೆ ಆ ಭಾಗ್ಯವಿಲ್ಲ: ಅಲ್ಲಿ 120 ಹರ್ಟ್ಜ್, ಬಿ ಫ್ಲ್ಯಾಟಿಗೂ ಬಿಗೂ ನಡುವೆ ಎಲ್ಲೋ ತ್ರಿಶಂಕು.

ಇಂಥ ಜಿ ಶ್ರುತಿಯ ಆಂಪೊಂದು ನನ್ನ ಬಳಿಯಿದೆ. ಅದರ ಮೇಲೆ ಈಗ ಕುಕ್ ಟೌನಿನ ಹಿರಿಯರೊಬ್ಬರ ಕಣ್ಣು. ಅವರ ಅಕೂಸ್ಟಿಕ್ ಗಿಟಾರಿನ ಮೇಲೆ ನನ್ನದು. ಮಂಗಳೂರು ಮೂಲದವರು, ಒಂದು ಕಾಲದಲ್ಲಿ ಮದುವೆ ಬ್ಯಾಂಡುಗಳಲ್ಲಿ ನುಡಿಸಿದವರು. ಗಿಟಾರು ಹೊರದೇಶದಲ್ಲಿ ಕೊಂಡದ್ದು, ಬೆನ್ನು ಮಾತ್ರ ಬೀಟೆಯದು. ಬೀಟೆ ಹೇಗೆ ಅಲ್ಲಿಗೆ ಹೋಯಿತೆಂದರೆ, ಮೊದಲೆಲ್ಲ ಒಳ್ಳೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ರೋಸ್‌ವುಡ್ಡೇ ಆಗಬೇಕಿತ್ತು. ಆ ದೇಶ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಅದೇ ದಾರಿ ಹಿಡಿದರು. ನಮ್ಮ ಕಡೆ ಮಂಚ, ಬೀರು, ಮೈಸೂರಿನ ಕೆತ್ತನೆಯ ಆನೆ ಆಗುತ್ತಿದ್ದ ಪಶ್ಚಿಮ ಘಟ್ಟದ ಮರ ಹಾಗೆ ಸಮುದ್ರ ದಾಟಿತು. ಮಧ್ಯೆ 2017ರಲ್ಲಿ ಬೀಟೆಯ ಕುಲಕ್ಕೆಲ್ಲ ಅಂತಾರಾಷ್ಟ್ರೀಯ ನಿರ್ಬಂಧ ಬಂದು, ಗಿಟಾರು ಗಡಿ ದಾಟಲು ಕಾಗದಪತ್ರ ಬೇಕಾಯಿತು. 2019ರ ಕೊನೆಗೆ ಸಿದ್ಧ ವಾದ್ಯಗಳನ್ನು ಬಿಟ್ಟುಕೊಟ್ಟರು. ಆ ನೇರಳೆಗಪ್ಪು ಗೆರೆಗಳ ಮೇಲೆ ಕೈಯಾಡಿಸಿದರೆ ನನಗೆ ಅಜ್ಜನ ಮನೆಯ ಮಂಚದ ಗುರುತು ಹತ್ತುತ್ತದೆ.

ಆದರೆ ಅದಕ್ಕೂ ರೋಗವಿದೆ. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಬಲದಲ್ಲಿ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ವರ್ಷಗಳುರುಳಿದಂತೆ ಬ್ರಿಜ್ಜಿನ ಹಿಂದೆ ಹೊಟ್ಟೆ ಉಬ್ಬುತ್ತದೆ, ಕತ್ತಿನ ಕೋನ ಜಾರುತ್ತದೆ, ತಂತಿ ಮೇಲೇಳುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಎರಡೂವರೆ ಮಿಲಿಮೀಟರ್ ಇರಬೇಕಾದ ಸಂದು ಇಲ್ಲಿ ನಾಲ್ಕು ದಾಟಿದೆ. ಕತ್ತಿನೊಳಗಿನ ಟ್ರಸ್ ರಾಡ್ ತಿರುಗಿಸಿದರೆ ಹೋಗುವ ಕಾಯಿಲೆಯಲ್ಲ. ಹಬೆ ಕೊಟ್ಟು ಕತ್ತನ್ನು ಬಿಡಿಸಿ ಕೋನ ತಿದ್ದಿ ಮತ್ತೆ ಕೂರಿಸಬೇಕು. ಅದನ್ನು ಬಲ್ಲವರು ಕಡಿಮೆ, ಕೇಳುವ ಹಣ ಕಡಿಮೆಯಲ್ಲ. ನಾನು ಇದನ್ನೆಲ್ಲ ವಿವರಿಸಿದಾಗ ಅವರು ತಾಳ್ಮೆಯಿಂದ ಕೇಳಿ, ‘ನಾನೂ ಸ್ವಲ್ಪ ಬೆಂಡಾಗಿದ್ದೇನೆ ಮ್ಯಾನ್, ಏನೀಗ?’ ಎಂದರು.

ಆಮೇಲೆ ನನ್ನ ಆಂಪಿನ ಸರದಿ. ಸ್ವಿಚ್ ಹಾಕಿದರು, ಕಣ್ಣು ಮುಚ್ಚಿದರು. ಹಮ್ ಜಿ ಶ್ರುತಿಯಲ್ಲೇ ಇದೆ ಸರ್, ಟ್ಯೂನಿಂಗಿಗೂ ಆಗುತ್ತದೆ ಎಂದು ನಾನು ನನ್ನ ಸಂಶೋಧನೆಯನ್ನು ಮುಂದಿಟ್ಟೆ. ಅವರು ಗಿಟಾರನ್ನು ತೊಡೆಗೇರಿಸಿ, ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ, ಒಂದೇ ಸಲ ಮೀಟಿ, ಹಮ್ಮಿಗೆ ಕಿವಿಗೊಟ್ಟರು.

‘ಶಾರ್ಪ್ ಇದೆ ಮ್ಯಾನ್. ಎರಡು ಸಾವಿರ ಮೇಲೆ ಕೊಡು.’

ನಾನು ಒಂದು ಸಾವಿರಕ್ಕೆ ನಿಂತಿದ್ದೇನೆ. ಬರುವ ಭಾನುವಾರ ಮತ್ತೆ ಬಾ ಎಂದಿದ್ದಾರೆ.